ದೊಗಲೆ ಟೀ ಶರ್ಟ್ ಮನೆಯಲ್ಲೇ ಹಿಡಿಯುವುದು: ಟೈಲರಕ್ಕನಿಗೆ ಪ್ರಶ್ನೆ

ಅಡ್ಮಿನ್: ಬದಿಯಡ್ಕದ ಟೈಲರಕ್ಕ ಇವತ್ತು ಸಂಜೆವರೆಗೆ ಉತ್ತರ ಕೊಡ್ತಾರೆ. ಟೀ ಶರ್ಟಿನ ವಿಷಯ ಮಾತ್ರ. ಹೆಸರು ಬೇಡ, ಊರು ಹಾಕಿ.

ಕುಂಬಳೆ: ನಮಸ್ತೆ ಅಕ್ಕ. ಮಗ ಎಕ್ಸೆಲ್ ತಂದಿದ್ದಾನೆ, ಅವನಿಗೆ ಮೀಡಿಯಂ ಸಾಕು. ಸೈಡಲ್ಲಿ ಎಷ್ಟು ಒಳಗೆ ಹಿಡಿಯಬೇಕು?

ಟೈಲರಕ್ಕ: ಟೇಪು ಬೇಡ. ಅವನಿಗೆ ಸರಿಯಾಗುವ ಹಳೆಯದೊಂದು ಇರ್ತದಲ್ಲ, ಹೊಸದನ್ನು ಒಳಮೈ ಹೊರಗೆ ಬರುವ ಹಾಗೆ ಮಗುಚಿ ಅದರ ಮೇಲೆ ಹಳೆಯದನ್ನು ಇಡಿ, ಕುತ್ತಿಗೆಗೆ ಕುತ್ತಿಗೆ ಸರಿಯಾಗಿ. ಸುತ್ತ ಚಾಕಲ್ಲಿ ಗೆರೆ ಎಳೆಯಿರಿ. ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಿ. ಸರಿ ಕಂಡರೆ ತೋಳಿನ ಅಡಿಯಿಂದ ಕೆಳಗಿನವರೆಗೆ ಒಂದೇ ಹೊಲಿಗೆ, ಕಂಕುಳಲ್ಲಿ ಮೂಲೆ ಮಾಡದೆ ಬಳಸಿಕೊಂಡು. ಒಂದು ಸೆಂಟಿಮೀಟರ್ ಬಿಟ್ಟು ಉಳಿದದ್ದು ಕತ್ತರಿಸಿ. ಆದರೆ ಭುಜದ ಹೊಲಿಗೆ ತೋಳಿಗೆ ಇಳಿದಿದ್ದರೆ ಸೈಡ್ ಹಿಡಿದು ಪ್ರಯೋಜನ ಇಲ್ಲ. ತೋಳು ಬಿಚ್ಚಿ, ಭುಜ ಕತ್ತರಿಸಿ, ಪುನಃ ಕೂರಿಸಬೇಕು.

ಮಂಜೇಶ್ವರ: ನಮ್ಮದು ಹಳೆ ಕಾಲು ಮಿಷನ್. ಟೀ ಶರ್ಟ್ ಹೊಲಿದರೆ ತಲೆ ತೂರಿಸುವಾಗ ನೂಲು ಟಪ್ ಅಂತ ತುಂಡಾಗ್ತದೆ.

ಟೈಲರಕ್ಕ: ಬಟ್ಟೆ ಎಳೆದರೆ ಬರ್ತದೆ, ನೂಲು ಬರುದಿಲ್ಲ, ಹಾಗೆ ತುಂಡಾಗುದು. ಜಿಗ್‌ಜಾಗ್ ಇರುವವರು ಅದನ್ನೇ ಹಾಕಿ. ಕಾಲು ಮಿಷನಲ್ಲಿ ನೇರ ಹೊಲಿಗೆ ಮಾತ್ರ ಇರುದರಿಂದ ಅದನ್ನು ಸಣ್ಣ ಮಾಡಿ, ಪಾಲಿಯೆಸ್ಟರ್ ನೂಲು ಹಾಕಿ, ಬಟ್ಟೆಯನ್ನು ಎರಡೂ ಕೈಯಲ್ಲಿ ಒಂಚೂರು ಬಿಗಿ ಹಿಡಿದು ಬಿಡಿ. ಸೂಜಿ ಬಾಲ್ ಪಾಯಿಂಟ್, 11ನೇ ನಂಬರ್. ಅದರ ತುದಿ ಉರುಟು, ಹೆಣಿಗೆಯ ನೂಲನ್ನು ಚುಚ್ಚದೆ ಸರಿಸಿಕೊಂಡು ಹೋಗ್ತದೆ. ಮಾಮೂಲಿ ಸೂಜಿ ನೂಲು ಕಡಿದರೆ ತೊಳೆದ ಮೇಲೆ ಹೊಲಿಗೆಯುದ್ದಕ್ಕೂ ತೂತು.

ಉಪ್ಪಳ: ಇಷ್ಟೆಲ್ಲ ಕಷ್ಟ ಯಾಕೆ? ನನಗೆ ಬಂದ ಮೆಸೇಜ್: “ಕುದಿಯುವ ನೀರಿಗೆ ಉಪ್ಪು, ವಿನೆಗರ್ ಹಾಕಿ ಅರ್ಧ ಗಂಟೆ ಮುಳುಗಿಸಿಡಿ, ಎಕ್ಸೆಲ್ ಮೀಡಿಯಂ ಆಗುತ್ತದೆ. ಎಲ್ಲರಿಗೂ ಕಳುಹಿಸಿ.”

ಟೈಲರಕ್ಕ: ಕಳುಹಿಸಬೇಡಿ. ಕಾಟನ್ ಟೀ ಶರ್ಟ್ ಕುಗ್ಗಿದರೂ ಹೆಚ್ಚಾಗಿ ಉದ್ದಕ್ಕೆ ಕುಗ್ಗುದು, ಅಗಲ ಇದ್ದ ಹಾಗೆ ಇರ್ತದೆ. ಆಮೇಲೆ ಹೊಕ್ಕುಳ ಕಾಣುವ ದೊಗಲೆ ಅಂಗಿ ನಿಮ್ಮದು. ಪಾಲಿಯೆಸ್ಟರ್ ಆ ಬಿಸಿಗೆ ಜಗ್ಗುದಿಲ್ಲ. ಲೈಕ್ರಾ, ಅಂದರೆ ರಬ್ಬರಿನ ಹಾಗೆ ಎಳೆಯುವ ನೂಲು ಇದ್ದರೆ ಅದರ ಜೀವ ಹೋಗ್ತದೆ, ಎದೆಯ ಪ್ರಿಂಟ್ ಬಿರುಕು ಬಿಡ್ತದೆ. ಉಪ್ಪು, ವಿನೆಗರ್ ಉಪ್ಪಿನಕಾಯಿಗೆ ಇಟ್ಟುಕೊಳ್ಳಿ.

ನೀರ್ಚಾಲು: ಅಕ್ಕ, ನನ್ನದು ವಿಚಿತ್ರ ಕೇಸು. ಎರಡು ಸಲ ಸೈಡ್ ಹಿಡಿದಾಯ್ತು. ಹಾಕಿದ ದಿನ ಸರಿ ಇರ್ತದೆ, ತೊಳೆದರೆ ಬಲಗಡೆಯ ಹೊಲಿಗೆ ಹೊಟ್ಟೆಗೆ ಬರ್ತದೆ, ಎಡಗಡೆಯದ್ದು ಬೆನ್ನಿಗೆ ಹೋಗ್ತದೆ. ನನ್ನ ಹೊಲಿಗೆಯದ್ದೇ ದೋಷವಾ? ಬಟ್ಟೆ ತೆಳು, ಎದೆಯಲ್ಲಿ ಅಕ್ಷರ ಉಂಟು.

ಟೈಲರಕ್ಕ: ನಿಮ್ಮ ದೋಷ ಅಲ್ಲ, ಬಟ್ಟೆಯೇ ತಿರುಗಿದ್ದು. ತೆಳು ಟೀ ಶರ್ಟ್ ಸಿಂಗಲ್ ಜೆರ್ಸಿ, ಅಂದರೆ ಒಂದೇ ಪದರದ ಹೆಣಿಗೆ. ನೂಲಿಗೆ ಹುರಿ ಕೊಟ್ಟಿರ್ತಾರಲ್ಲ, ಹೊಸೆದ ಹಗ್ಗದ ತುದಿ ಬಿಟ್ಟರೆ ಹೇಗೆ ಹಿಂದೆ ತಿರುಗ್ತದೋ ಹಾಗೆ ಒದ್ದೆಯಾದಾಗ ನೂಲೂ ಬಿಚ್ಚಿಕೊಳ್ಳಲಿಕ್ಕೆ ನೋಡ್ತದೆ. ಆಗ ಹೆಣಿಗೆಯ ಕುಣಿಕೆಗಳೆಲ್ಲ ಒಂದೇ ಕಡೆಗೆ ವಾಲ್ತವೆ. ಕಾರ್ಖಾನೆಯಲ್ಲಿ ಎಳೆದು ನೇರ ಮಾಡಿ, ಇಸ್ತ್ರಿ ಹಾಕಿ ಕತ್ತರಿಸಿರ್ತಾರೆ, ಅಂಗಡಿಯಲ್ಲಿ ಗೊತ್ತಾಗುದಿಲ್ಲ. ನೀವು ಹಳೆ ಹೊಲಿಗೆಯಿಂದ ಅಳತೆ ತೆಗೆದು ಹಿಡಿದಿರಿ, ಹಾಗಾಗಿ ಆ ವಾಲಿದ್ದು ಹಾಗೆಯೇ ಉಳಿಯಿತು. ಇನ್ನು ಹತ್ತು ಸಲ ಹಿಡಿದರೂ ಅಷ್ಟೆ.

ಹೀಗೆ ಮಾಡಿ. ಪುನಃ ಒಂದೆರಡು ಸಲ ತೊಳೆದು, ಹಿಂಡಿ ನೇತಾಡಿಸದೆ ಚಾಪೆಯಲ್ಲಿ ಹರಡಿ ಒಣಗಿಸಿ, ಎಷ್ಟು ತಿರುಗುದೋ ತಿರುಗಿ ಮುಗಿಯಲಿ. ಆಮೇಲೆ ಬೆಳಕಿಗೆ ಹಿಡಿದು ನೋಡಿ, ಹೊರಮೈಯಲ್ಲಿ ಸಣ್ಣ ಸಣ್ಣ ಜಡೆಯ ಸಾಲು ಮೇಲಿಂದ ಕೆಳಗೆ ಹೋಗಿರ್ತದೆ. ಕುತ್ತಿಗೆಯ ನಡುವಿನಿಂದ ಅಂಥ ಒಂದೇ ಸಾಲು ಹಿಡಿದು ಕೆಳಗಿನವರೆಗೆ ಚಾಕ್ ಎಳೆಯಿರಿ, ಬೆನ್ನಿನಲ್ಲೂ ಹಾಗೆಯೇ. ಹೊಲಿಗೆ ಎಲ್ಲಿ ಉಂಟು ನೋಡಬೇಡಿ, ಆ ಗೆರೆಯೇ ನಿಮ್ಮ ನಡು. ಸೈಡ್ ಬಿಚ್ಚಿ, ಮುಂದಿನದ್ದನ್ನೂ ಬೆನ್ನನ್ನೂ ಬೇರೆ ಬೇರೆ ಆ ಗೆರೆಗೆ ಮಡಚಿ ಕತ್ತರಿಸಿ. ದೊಡ್ಡ ಸೈಜ್ ಆದದ್ದು ಒಳ್ಳೆದೇ ಆಯ್ತು, ಸರಿಯಾದ ಸೈಜಿಗೆ ಈ ಕತ್ತರಿಗೆ ಜಾಗ ಸಿಗುದಿಲ್ಲ. ಒಂದು ನಷ್ಟ ಉಂಟು: ಅಂಗಿ ನೆಟ್ಟಗೆ ನಿಲ್ತದೆ, ಎದೆಯ ಅಕ್ಷರದ ಸಾಲು ಓರೆ ಕಾಣ್ತದೆ. ಪ್ಲೇನ್ ಆಗಿದ್ದರೆ ಯೋಚನೆಯೇ ಬೇಡ. ಇನ್ನು ತೆಗೊಳ್ಳುವಾಗ ಇಂಟರ್‌ಲಾಕ್, ಅಂದರೆ ಜೋಡಿ ಪದರದ ಹೆಣಿಗೆ ನೋಡಿ, ದಪ್ಪ ಇರ್ತದೆ, ತಿರುಗುದು ಬಹಳ ಕಡಿಮೆ. ಕತ್ತರಿಸುವ ಮೊದಲು ಚಾಕ್ ಹಾಕಿದ ಫೋಟೋ ಕಳಿಸಿ, ನನಗೂ ನೋಡಬೇಕು.

ಮುಳ್ಳೇರಿಯ: ಸೈಡ್ ಎಷ್ಟು ಹಿಡಿಯಬೇಕು?

ಟೈಲರಕ್ಕ: ಕುಂಬಳೆಯವರಿಗೆ ಬರೆದದ್ದು ಓದಿ.

ಬೋವಿಕ್ಕಾನ: ಓವರ್‌ಲಾಕ್ ಮಿಷನ್ ಯಾವ ಕಂಪನಿಯದ್ದು ತೆಗೊಳ್ಳಬಹುದು?

ಪೆರ್ಲ: ಇವರು ಹೀಗೆ ಹೇಳಿಕೊಡುದು ಒಳ್ಳೆದಾಯ್ತು. ನಮ್ಮ ಕಡೆ ಒಬ್ಬ ಟೈಲರ್ ಇದಕ್ಕೆ 100 ರೂಪಾಯಿ ಕೇಳಿದ. ಟೀ ಶರ್ಟಿಗೇ 150!

ಆದೂರು: ಬಿಚ್ಚಲಿಕ್ಕೆ ಎಷ್ಟು ಹೊತ್ತು ಬೇಕು ಗೊತ್ತುಂಟಾ? ಕೂಲಿ ಅಂಗಿಯ ರೇಟಿನ ಮೇಲೆ ಅಲ್ಲ, ಕೆಲಸದ ಮೇಲೆ.

ಪೆರ್ಲ: ಹೊಸದೇ ತೆಗೊಂಡ್ರೆ ಆಯ್ತಲ್ಲ ಹಾಗಾದ್ರೆ.

ಆದೂರು: ತೆಗೊಳ್ಳಿ ಮಾರಾಯ್ರೆ, ಬೇಡ ಅಂದವರು ಯಾರು.

ಸೀತಾಂಗೋಳಿ: ಈಗ ಓವರ್‌ಸೈಜೇ ಫ್ಯಾಶನ್. ಭುಜ ಇಳಿದದ್ದಕ್ಕೆ ಕಾಲೇಜಿನಲ್ಲಿ ಜಾಸ್ತಿ ದುಡ್ಡು ಕೊಟ್ಟು ತೆಗೊಳ್ತಾರೆ, ನೀವು ಕತ್ತರಿಸ್ತಾ ಕೂತಿದ್ದೀರಿ.

ಆದೂರು: ಅದರ ಕಟ್ಟಿಂಗೇ ಬೇರೆ. ಕುತ್ತಿಗೆ ಚಿಕ್ಕ, ತೋಳು ಅಗಲ, ಭುಜ ಬೇಕೆಂದೇ ಇಳಿಸಿದ್ದು. ಅಪ್ಪನ ಎಕ್ಸೆಲ್ ಹಾಕಿದರೆ ಫ್ಯಾಶನ್ ಆಗುದಿಲ್ಲ.

ಸೀತಾಂಗೋಳಿ: ನಿಮಗೆ ಫ್ಯಾಶನ್ ಗೊತ್ತುಂಟಾ?

ಹೊಸಂಗಡಿ: ಮಾವ ಗಲ್ಫಿನಿಂದ ಮಗುವಿಗೆ ಟೀ ಶರ್ಟ್ ತಂದಿದ್ದಾರೆ, ಅವಳಿಗೆ ಮೂರು ವರ್ಷ. ಕುತ್ತಿಗೆ ಜಾರ್ತದೆ ಅಂತ ಒಳಗೆ ಲಾಡಿ ತೂರಿಸಿ ಹಿಂದೆ ಗಂಟು ಹಾಕಿದೆ. ಚಂದ ಕಾಣ್ತದೆ. ವಿಡಿಯೋ ನೋಡಿ ಮಾಡಿದ್ದು.

ಟೈಲರಕ್ಕ: ಲಾಡಿ ಈಗಲೇ ತೆಗೆಯಿರಿ, ನಾಳೆ ಅಲ್ಲ. ಉಯ್ಯಾಲೆ, ಜಾರುಬಂಡಿ, ಬಾಗಿಲ ಚಿಲಕ, ಯಾವುದಕ್ಕಾದರೂ ಸಿಕ್ಕಿಕೊಂಡರೆ ಕುತ್ತಿಗೆಗೆ ಬಿಗಿಯುತ್ತದೆ. ಯುರೋಪಿನ ಇಎನ್ 14682 ನಿಯಮದಲ್ಲಿ ಏಳು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಕುತ್ತಿಗೆಯಲ್ಲಿ ಲಾಡಿ ಇಡುವ ಹಾಗೇ ಇಲ್ಲ. ವಿಡಿಯೋ ಮಾಡಿದವರಿಗೆ ಲೈಕ್ ಬಿದ್ದರೆ ಸಾಕು, ಮಗು ನಿಮ್ಮದು. ಭುಜದ ಹೊಲಿಗೆಯಲ್ಲಿ ಎರಡೂ ಕಡೆ ಒಂದೊಂದು ಮಡಿಕೆ ಹಿಡಿಯಿರಿ. ತಲೆ ತೂರದಷ್ಟು ಬಿಗಿಯಾದರೆ ಒಂದು ಭುಜ ಬಿಚ್ಚಿ ಟಿಚ್ ಬಟನ್ ಹಾಕಿ, ಕಿತ್ತು ಬಾಯಿಗೆ ಹೋಗದ ಹಾಗೆ ಗಟ್ಟಿ. ತೆಗೆದಿರಾ?

ಹೊಸಂಗಡಿ: ತೆಗೆದೆ.

ಪೈವಳಿಕೆ: ಬ್ಲೌಸಿಗೂ ಇದೇ ಕ್ರಮವಾ?

ಮುಳ್ಳೇರಿಯ: ಕಾಲು ಮಿಷನಲ್ಲಿ ಆಗ್ತದಾ?

ಟೈಲರಕ್ಕ: ಮೇಲೆ ಉಂಟು. ಓದುದು ಅಷ್ಟು ಕಷ್ಟವಾ?

ಉಪ್ಪಳ: ಇನ್ನೊಂದು ಬಂತು: “ಟೀ ಶರ್ಟನ್ನು ಗಂಜಿತೆಳಿಯಲ್ಲಿ ಅದ್ದಿ ಒಣಗಿಸಿ ಕತ್ತರಿಸಿ, ಅಂಚು ಸುರುಳಿ ಸುತ್ತುವುದಿಲ್ಲ.”

ಟೈಲರಕ್ಕ: ಇದು ಸರಿ. ಜೆರ್ಸಿಯ ಅಂಚು ಸುತ್ತುದೇ ದೊಡ್ಡ ಉಪದ್ರ, ಗಂಜಿ ಹಾಕಿದರೆ ಸ್ವಲ್ಪ ಗಟ್ಟಿ ನಿಲ್ತದೆ. ಹೊಲಿದು ತೊಳೆದರೆ ಹೋಗ್ತದೆ.

ಉಪ್ಪಳ: ಹಾಗಾದ್ರೆ ವಿನೆಗರಿನದ್ದೂ ಸರಿ ಇರಬಹುದಲ್ಲ?

ಟೈಲರಕ್ಕ: ಅಡ್ಮಿನ್, ಇವರನ್ನು ನೀವೇ ನೋಡಿಕೊಳ್ಳಿ. ನನಗೆ ಅಂಗಡಿಯಲ್ಲಿ ಕೆಲಸ ಉಂಟು.

ಅಡ್ಮಿನ್: ಉಪ್ಪಳದವರೆ, ಇನ್ನು ಫಾರ್ವರ್ಡ್ ಹಾಕಿದರೆ ತೆಗೆಯುತ್ತೇನೆ.

ಪೆರ್ಲ: 100 ರೂಪಾಯಿ ಜಾಸ್ತಿಯೇ. ಯಾರು ಏನೇ ಹೇಳಲಿ.