ಮೀನಿನ ಮೈಮೇಲೆ ಚುಕ್ಕೆ: ಔಷಧಿ ಹಾಕುವ ಮುಂಚೆ ಏನು ನೋಡಬೇಕು?

ಪ್ರಶ್ನೆ (ಮೈಸೂರು): ನಮಸ್ತೆ ಮೇಡಂ. ಎರಡಡಿ ಟ್ಯಾಂಕಿನಲ್ಲಿ ಎರಡು ಒರಾಂಡಾ ಗೋಲ್ಡ್‌ಫಿಶ್ ಇವೆ. ಒಂದರ ಕೆನ್ನೆ ಮೇಲೆ, ಮುಂದಿನ ರೆಕ್ಕೆ ಮೇಲೆ ಬಿಳಿ ಚುಕ್ಕೆ ಬಂದಿವೆ. ವೈಟ್ ಸ್ಪಾಟ್ ಇರಬೇಕು ಅಂತ ಅಂಗಡಿಯವರು ಮೀಥಿಲೀನ್ ಬ್ಲೂ ಕೊಟ್ಟರು. ನಾಲ್ಕು ದಿನ ಹಾಕಿದೆ. ನೀರೆಲ್ಲ ನೀಲಿ ಆಗಿದೆ, ಚುಕ್ಕೆ ಮಾತ್ರ ಹಾಗೇ ಇವೆ. ಡೋಸ್ ಜಾಸ್ತಿ ಮಾಡಲಾ?

ಉತ್ತರ: ಜಾಸ್ತಿ ಮಾಡಬೇಡಿ ಸರ್. ಇವತ್ತಿನ ಡೋಸ್ ಕೂಡ ಬೇಡ. ಮೊದಲು ಇಷ್ಟು ಹೇಳಿ: ಬಾಲದ ಮೇಲೆ, ಹೊಟ್ಟೆ ಮೇಲೆ ಚುಕ್ಕೆ ಇದೆಯಾ? ಮೀನು ಊಟ ಮಾಡ್ತಿದೆಯಾ? ಇನ್ನೊಂದು ಮೀನಿನ ಹಿಂದೆ ಹಿಂದೆ ಓಡ್ತಿದೆಯಾ?

ಪ್ರಶ್ನೆ (ಮೈಸೂರು): ಬಾಲದ ಮೇಲೆ ಒಂದೂ ಇಲ್ಲ. ಊಟ ಚೆನ್ನಾಗಿ ಮಾಡುತ್ತೆ. ಹೌದು, ಬೆಳಿಗ್ಗೆ ಹೊತ್ತು ಇನ್ನೊಂದರ ಹಿಂದೆ ಬಿದ್ದು ಮೂತಿಯಲ್ಲಿ ತಿವಿಯುತ್ತೆ. ಅದಕ್ಕೇ ಕಾಯಿಲೆಯಿಂದ ಸಿಟ್ಟು ಬಂದಿದೆ ಅಂದುಕೊಂಡೆ.

ಉತ್ತರ: ನಿಮ್ಮ ಮೀನಿಗೆ ಕಾಯಿಲೆ ಇರುವ ಹಾಗೆ ಕಾಣುವುದಿಲ್ಲ. ಅದು ಗಂಡು, ಬೆದೆಗೆ ಬಂದಿದೆ. ಗಂಡು ಗೋಲ್ಡ್‌ಫಿಶ್‌ಗೆ ಆ ಸಮಯದಲ್ಲಿ ಕಿವಿರಿನ ಮುಚ್ಚಳದ ಮೇಲೆ, ಮುಂದಿನ ರೆಕ್ಕೆಯ ಮೊದಲ ದಪ್ಪ ಕಡ್ಡಿಯ ಉದ್ದಕ್ಕೂ ಬಿಳಿ ಗುಳ್ಳೆಗಳು ಏಳುತ್ತವೆ. ಟಾರ್ಚ್ ಹಿಡಿದು ಪಕ್ಕದಿಂದ ನೋಡಿ. ರೆಕ್ಕೆಯ ಅಂಚಿನಲ್ಲಿ ಸಾಲಾಗಿ, ಒಂದೇ ಗಾತ್ರದಲ್ಲಿ ಇರುತ್ತವೆ. ವೈಟ್ ಸ್ಪಾಟ್‌ನಲ್ಲಿ ಈ ಸಾಲು ಇರುವುದಿಲ್ಲ. ಪುಡಿ ಉಪ್ಪು ಉದುರಿಸಿದ ಹಾಗೆ ಬಾಲ, ಬೆನ್ನು, ಹೊಟ್ಟೆ ಎಲ್ಲೆಂದರಲ್ಲಿ ಚುಕ್ಕೆ ಇರುತ್ತವೆ, ದಿನ ಬೆಳಗಾದರೆ ಹೆಚ್ಚುತ್ತವೆ.

ಈಗ ನನಗೆ ಚಿಂತೆ ಇರುವುದು ಆ ನೀಲಿ ನೀರಿನದು. ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷ ಅಮೋನಿಯಾ. ಫಿಲ್ಟರ್ ಸ್ಪಂಜಿನಲ್ಲಿ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಇರುತ್ತವೆ. ಮೀಥಿಲೀನ್ ಬ್ಲೂ ಅವಕ್ಕೂ ಪೆಟ್ಟು ಕೊಡುತ್ತದೆ. ಕಾಲು ಭಾಗ ನೀರು ಬದಲಿಸಿ, ಔಷಧಿ ಹೀರಿಕೊಳ್ಳಲು ಫಿಲ್ಟರಿಗೆ ಕಾರ್ಬನ್ ಹಾಕಿ, ನಾಳೆಯಿಂದ ಒಂದು ವಾರ ಊಟ ಅರ್ಧ ಮಾಡಿ. ಅಮೋನಿಯಾ ಟೆಸ್ಟ್ ಕಿಟ್ ಇದ್ದರೆ ದಿನಾ ನೋಡಿ. ಹೆಣ್ಣು ಮೀನು ತೀರಾ ಸುಸ್ತಾದರೆ ಮಧ್ಯೆ ಒಂದು ಜಾಲರಿ ಇಡಿ, ಸಾಕು.

ಪ್ರಶ್ನೆ (ಬೆಂಗಳೂರು, ವಿಜಯನಗರ): ಮೇಡಂ, ನಮ್ಮದು ನಿಜವಾದ ವೈಟ್ ಸ್ಪಾಟೇ ಅನ್ಸುತ್ತೆ. ವಿಡೋ ಟೆಟ್ರಾ ತಂದು ಬಿಟ್ಟ ವಾರದಲ್ಲೇ ಬಾಲದ ತುಂಬ ಚುಕ್ಕೆ. ಗ್ರಾವೆಲ್ ಮೇಲೆ ಮೈ ಉಜ್ಜುತ್ತಿದ್ದವು. ಔಷಧಿ ಹಾಕಿದ ಎರಡೇ ದಿನಕ್ಕೆ ಚುಕ್ಕೆ ಹೋಯಿತು, ನಿಲ್ಲಿಸಿದೆ. ಈಗ ಮತ್ತೆ ಬಂದಿದೆ, ಮೊದಲಿಗಿಂತ ಜಾಸ್ತಿ. ಔಷಧಿ ಡೂಪ್ಲಿಕೇಟಾ?

ಉತ್ತರ: ಔಷಧಿ ಸರಿಯಾಗೇ ಇರಬಹುದು, ಬೇಗ ನಿಲ್ಲಿಸಿದ್ದೇ ತೊಂದರೆ. ಎಷ್ಟೋ ಮೀನು ಸಾಯುವುದು ಈ ಕಾರಣಕ್ಕೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮಗೆ ಕಾಣುವ ಚುಕ್ಕೆ ಅಂದರೆ ಮೀನಿನ ಚರ್ಮದ ಒಳಗೆ ಕೂತು ತಿನ್ನುತ್ತಿರುವ ಒಂದು ಜೀವಿ. ಚರ್ಮದ ಒಳಗಿರುವಾಗ ನೀರಿಗೆ ಹಾಕಿದ ಔಷಧಿ ಅದಕ್ಕೆ ತಾಗುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಉದುರುತ್ತದೆ. ಆಗ ನಾವು ‘ವಾಸಿ ಆಯ್ತು’ ಅಂದುಕೊಳ್ಳುತ್ತೇವೆ. ಉದುರಿದ್ದು ಗ್ರಾವೆಲ್ ಮೇಲೆ, ಗಿಡದ ಎಲೆ ಮೇಲೆ ಅಂಟಿಕೊಂಡು ಸುತ್ತ ಕವಚ ಕಟ್ಟಿಕೊಳ್ಳುತ್ತದೆ. ಅಲ್ಲೂ ಔಷಧಿ ತಾಗುವುದಿಲ್ಲ. ಒಳಗೆ ನೂರಾರು ಮರಿಗಳಾಗಿ ಒಡೆದು ಹೊರಗೆ ಈಜಿ ಬರುತ್ತವೆ. ಎರಡು ದಿನದ ಒಳಗೆ ಮೀನು ಸಿಗದಿದ್ದರೆ ಅವು ಸಾಯುತ್ತವೆ. ಔಷಧಿ ಕೊಲ್ಲುವುದು ಈಜುವ ಈ ಮರಿಗಳನ್ನು ಮಾತ್ರ. 25 ಡಿಗ್ರಿ ಆಸುಪಾಸಿನಲ್ಲಿ ಈ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ. ನೀರು ತಣ್ಣಗಿದ್ದರೆ ವಾರಗಟ್ಟಲೆ ಎಳೆಯುತ್ತದೆ.

ಹಾಗಾಗಿ ಕೊನೆಯ ಚುಕ್ಕೆ ಮಾಯವಾದ ಮೇಲೂ ಪೂರ್ತಿ ಒಂದು ವಾರ ಔಷಧಿ ನಡೆಸಿ. ಹೀಟರ್ ಇದ್ದರೆ ದಿನಕ್ಕೆ ಎರಡು ಡಿಗ್ರಿಯಂತೆ 29ರವರೆಗೆ ಏರಿಸಿ, ಸುತ್ತು ಬೇಗ ಮುಗಿಯುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದರೆ 30ರಲ್ಲಿ ಏಳೂವರೆ ಅಷ್ಟೆ. ಏರ್ ಪಂಪ್ ಹಗಲೂ ರಾತ್ರಿ ಓಡಬೇಕು. ಕರೆಂಟ್ ಹೋದರೆ ಮಗ್‌ನಲ್ಲಿ ನೀರು ಎತ್ತಿ ಎತ್ತಿ ಸುರಿಯಿರಿ, ಅದೂ ಕೆಲಸಕ್ಕೆ ಬರುತ್ತದೆ.

ಬಾಯಿ ಹತ್ತಿರ ಅಥವಾ ಬೆನ್ನ ಮೇಲೆ ಹತ್ತಿಯಂಥ ಬಿಳಿ ಕಂಡರೆ ಮಾತ್ರ ಹೀಟರ್ ಮುಟ್ಟಬೇಡಿ. ಅದು ಬೇರೆ ಸೋಂಕಿರಬಹುದು. ಬ್ಯಾಕ್ಟೀರಿಯಾದ್ದಾದರೆ ನೀರು ಬಿಸಿಯಾದಷ್ಟೂ ಬೇಗ ಹರಡುತ್ತದೆ.

ಪ್ರಶ್ನೆ (ವಿಜಯನಗರ): ಔಷಧಿ ಲೆಕ್ಕ ಹೇಗೆ ಮೇಡಂ? ಟ್ಯಾಂಕು 2×1×1. ತಳದಲ್ಲಿ ಓಡಾಡುವ ಕೋರಿಡೋರಸ್ ಮೀನು ಕೂಡ ಇವೆ.

ಉತ್ತರ: ಅಡಿ ಲೆಕ್ಕದಲ್ಲಿ ಅದು 56 ಲೀಟರ್. ಗ್ರಾವೆಲ್, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾದ ನೀರು ಹೆಚ್ಚುಕಮ್ಮಿ 45 ಲೀಟರ್. ಡೋಸ್ ಅದಕ್ಕೆ ಹಾಕಿ. ಕೋರಿಡೋರಸ್‌ಗೆ ಮಲಾಕೈಟ್ ಗ್ರೀನ್ ಇರುವ ಔಷಧಿಯೂ ಕಷ್ಟ, ಜಾಸ್ತಿ ಉಪ್ಪೂ ಕಷ್ಟ. ಅರ್ಧ ಡೋಸ್‌ನಲ್ಲಿ ಶುರು ಮಾಡಿ. ಫಿಲ್ಟರಿನಲ್ಲಿ ಕಾರ್ಬನ್ ಇದ್ದರೆ ಈಗ ತೆಗೆದಿಡಿ, ಇಲ್ಲದಿದ್ದರೆ ಔಷಧಿಯನ್ನೆಲ್ಲ ಅದೇ ಹೀರಿಕೊಳ್ಳುತ್ತದೆ.

ಇನ್ನು ಮುಂದೆ ಹೊಸ ಮೀನು ತಂದರೆ ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿ ಇಡಿ. ನಮ್ಮ ಅಂಗಡಿಗಳಿಗೆ ಎಷ್ಟೋ ಮೀನು ಬರುವುದು ಚೆನ್ನೈನ ಕೊಳತ್ತೂರಿನ ಕಡೆಯಿಂದ, ಪ್ಲಾಸ್ಟಿಕ್ ಚೀಲದಲ್ಲಿ ಪ್ರಯಾಣ ಮಾಡಿ. ಬಂದ ದಿನ ಅವು ದಣಿದಿರುತ್ತವೆ, ಯಾವ ರೋಗ ಬೇಕಾದರೂ ಸುಲಭವಾಗಿ ಹತ್ತುತ್ತದೆ.

ಪ್ರಶ್ನೆ (ಹಾಸನ): ನಮ್ಮ ನಿಯಾನ್ ಟೆಟ್ರಾ ಬೆಳಿಗ್ಗೆ ಲೈಟ್ ಹಾಕಿದಾಗ ಬಣ್ಣವೇ ಇರಲ್ಲ. ಆಮೇಲೆ ಬರುತ್ತೆ. ಭಯ ಆಗ್ತಿದೆ.

ಉತ್ತರ: ಭಯ ಬೇಡಮ್ಮ. ಕತ್ತಲಲ್ಲಿ ಅವು ಬಣ್ಣ ಕಳೆದುಕೊಳ್ಳುವುದು ಸಹಜ. ಅರ್ಧ ಗಂಟೆಯಲ್ಲಿ ಬಣ್ಣ ಬಂದರೆ ಏನೂ ಮಾಡಬೇಡಿ. ಮಧ್ಯಾಹ್ನವೂ ಪೇಲವವಾಗಿ, ಗುಂಪು ಬಿಟ್ಟು ಒಂಟಿಯಾಗಿ ನಿಂತರೆ ಬರೆಯಿರಿ.

ಪ್ರಶ್ನೆ (ಹುಬ್ಬಳ್ಳಿ): ಬೆಟ್ಟಾ ಮೀನಿನ ಮೈಮೇಲೆ ಚುಕ್ಕೆ ಅಂತ ಏನಿಲ್ಲ, ಆದರೆ ತುಕ್ಕು ಹಿಡಿದ ಹಾಗೆ ಕಾಣ್ತದ. ರೆಕ್ಕಿ ಮುದುಡಿಕೊಂಡು ಮೂಲಿಯೊಳಗ ಕುಂತಿರ್ತದ.

ಉತ್ತರ: ಕೋಣೆ ಕತ್ತಲು ಮಾಡಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಬಂಗಾರದ ಪುಡಿ ಹಚ್ಚಿದ ಹಾಗೆ ಮಿನುಗಿದರೆ ಅದು ವೆಲ್ವೆಟ್, ಮೈಗೆ ಅಂಟುವ ಒಂದು ಸೂಕ್ಷ್ಮ ಜೀವಿಯಿಂದ ಬರುವ ರೋಗ. ಇದು ವೈಟ್ ಸ್ಪಾಟ್‌ಗಿಂತ ಬೇಗ ಕೊಲ್ಲುತ್ತದೆ, ಇವತ್ತೇ ಶುರು ಮಾಡಿ. ಆ ಜೀವಿಗೆ ಬೆಳಕು ಬೇಕು. ಲೈಟ್ ಆರಿಸಿ, ಟ್ಯಾಂಕಿಗೆ ದಪ್ಪ ಬಟ್ಟೆ ಹೊದಿಸಿ, ಗಾಳಿಗೆ ಮೇಲೆ ಜಾಗ ಬಿಡಿ. ತಾಮ್ರ ಇರುವ ವೆಲ್ವೆಟ್ ಔಷಧಿಯನ್ನು ಬಾಟಲಿ ಮೇಲೆ ಬರೆದ ಅಳತೆಗೇ ಹಾಕಿ. ಸಿಗಡಿ, ಬಸವನಹುಳು ಇದ್ದರೆ ಮೊದಲು ಬೇರೆ ಮಾಡಿ, ತಾಮ್ರ ಅವಕ್ಕೆ ವಿಷ.

ಪ್ರಶ್ನೆ (ದಾವಣಗೆರೆ): ಮೇಡಂ, ನಮ್ಮ ಗೋಲ್ಡ್‌ಫಿಶ್‌ಗೆ ಬಾಯಿ ಸುತ್ತ, ರೆಕ್ಕೆ ಅಂಚಿಗೆ ಕಪ್ಪು ಮಸಿ ಬಳಿದ ಹಾಗೆ ಆಗಿದೆ. ಟ್ಯಾಂಕು ಶುರು ಮಾಡಿ ಮೂರು ವಾರ. ಮೀನು ಮೇಲೆ ಬಂದು ಬಾಯಿ ಬಿಡುತ್ತೆ. ಬೋರ್‌ವೆಲ್ ನೀರು. ಯಾವ ಔಷಧಿ?

ಉತ್ತರ: ಔಷಧಿ ಬೇಡ, ಟೆಸ್ಟ್ ಕಿಟ್ ಬೇಕು. ನನ್ನ ಅನುಮಾನ ಅಮೋನಿಯಾ ಮೇಲೆ. ಅದು ಚರ್ಮ ಸುಡುತ್ತದೆ, ಸುಟ್ಟ ಜಾಗ ಮಾಯುವಾಗ ಗೋಲ್ಡ್‌ಫಿಶ್‌ಗೆ ಕಪ್ಪು ಬರುತ್ತದೆ. ಕಪ್ಪು ಅಂದರೆ ಮಾಯುತ್ತಿದೆ ಅಂತ. ಆದರೆ ನಿಮ್ಮ ಮೀನು ಇನ್ನೂ ಬಾಯಿ ಬಿಡುತ್ತಿದೆ, ಅಂದರೆ ಕಿವಿರಿಗೆ ಪೆಟ್ಟು ಬೀಳುವುದು ನಿಂತಿಲ್ಲ. ಹೊಸ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ನಟ್ಟ ನಡುವೆ ಇದ್ದೀರಿ.

ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ತೆರೆಯುತ್ತದೆ ಎಣಿಸಿ ಬರೆದಿಡಿ. ಎಲ್ಲರಿಗೂ ಹೇಳುತ್ತಿದ್ದೇನೆ, ಮೀನು ಚೆನ್ನಾಗಿರುವಾಗಲೇ ಈ ಲೆಕ್ಕ ತೆಗೆದುಕೊಳ್ಳಿ. ಎಷ್ಟೋ ಸಲ ಚುಕ್ಕೆ ಕಾಣುವ ಮುಂಚೆಯೇ ಉಸಿರಾಟ ಬದಲಾಗಿರುತ್ತದೆ. ಎರಡೂ ಕಡೆ ಮುಚ್ಚಳ ಆಡುತ್ತಿದೆಯಾ ಅಂತಲೂ ನೋಡಿ. ಒಂದು ಕಡೆ ಮುಚ್ಚಿಕೊಂಡೇ ಇದ್ದರೆ ಕಿವಿರಿನೊಳಗೆ ಹುಳ ಇರಬಹುದು.

ಪ್ರಶ್ನೆ (ದಾವಣಗೆರೆ): ಕಿಟ್ ತಂದೆ ಮೇಡಂ. ಅಮೋನಿಯಾ 2, ಟ್ಯಾಂಕಿನ ಪಿಎಚ್ 7. ಬೋರ್ ನೀರಿನ ಪಿಎಚ್ 8ರ ಮೇಲಿದೆ. ನೀರೆಲ್ಲ ಒಂದೇ ಸಲ ಬದಲಿಸಿ ಬಿಡ್ಲಾ?

ಉತ್ತರ: ಒಂದೇ ಸಲ ಬೇಡ. ದಯವಿಟ್ಟು. ಪಿಎಚ್ 7ರಲ್ಲಿ ಅಮೋನಿಯಾದ ಬಹುಪಾಲು ವಿಷವಲ್ಲದ ರೂಪದಲ್ಲಿ ಇರುತ್ತದೆ. ಪಿಎಚ್ 8ಕ್ಕೆ ಏರಿದರೆ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಅರ್ಧಂಬರ್ಧ ಹಳೇ ನೀರು ಉಳಿದಿರುವಾಗ ಪಿಎಚ್ ಹಾರಿದರೆ, ಮುಂಚೆ ಸುಮ್ನಿದ್ದ ಅಮೋನಿಯಾವೇ ಮೀನನ್ನು ಕೊಲ್ಲುತ್ತದೆ. ಪೂರ್ತಿ ಬದಲಿಸಿದರೂ ಆ ಏರಿಳಿತವನ್ನು ಮೀನು ತಡೆಯುವುದು ಕಷ್ಟ.

ಬೋರ್ ನೀರನ್ನು ಬಕೆಟ್‌ನಲ್ಲಿ ಏರ್ ಸ್ಟೋನ್ ಹಾಕಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಅದರ ಪಿಎಚ್ ಮತ್ತೆ ನೋಡಿ, ಇನ್ನೂ ಏರಿರಬಹುದು. ಬೆಳಿಗ್ಗೆ ಹತ್ತರಲ್ಲಿ ಒಂದು ಪಾಲು, ಸಂಜೆ ಇನ್ನೊಂದು ಪಾಲು ನಿಧಾನ ಬದಲಿಸಿ. ಅಮೋನಿಯಾ ಕಟ್ಟಿಹಾಕುವ ವಾಟರ್ ಕಂಡೀಷನರ್ ಸಿಕ್ಕರೆ ಮೊದಲು ಅದನ್ನು ಹಾಕಿ. ಎರಡು ದಿನ ಊಟ ಪೂರ್ತಿ ನಿಲ್ಲಿಸಿ, ಗೋಲ್ಡ್‌ಫಿಶ್‌ಗೆ ಅದರಿಂದ ಏನೂ ಆಗುವುದಿಲ್ಲ. ಗೆಳೆಯರ ಮನೆಯಲ್ಲಿ ಆರೋಗ್ಯವಾಗಿರುವ ಹಳೇ ಟ್ಯಾಂಕ್ ಇದ್ದರೆ ಅಲ್ಲಿಂದ ಒಂದು ತುಂಡು ಕೊಳೆಯಾದ ಸ್ಪಂಜ್ ಕೇಳಿ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ನಲ್ಲಿ ಕೆಳಗೆ ತೊಳೆಯಬೇಡಿ, ಆ ಕೊಳೆಯಲ್ಲೇ ನಿಮಗೆ ಬೇಕಾದ ಬ್ಯಾಕ್ಟೀರಿಯಾ ಇರುವುದು. ನಾಳೆ ಸಂಜೆಯ ಅಮೋನಿಯಾ, ಪಿಎಚ್ ಮತ್ತು ಉಸಿರಿನ ಲೆಕ್ಕ ಮೂರನ್ನೂ ಇಲ್ಲೇ ಹಾಕಿ, ನೋಡಿ ಮುಂದಿನದು ಹೇಳುತ್ತೇನೆ.