ರಿಪೇರಿಯಾಗಿ ಬಂದ ಮರುದಿನವೇ ಬ್ರೇಕ್ ಕೈಕೊಟ್ಟಿತು: ಮಗಳಿಗೆ ಏನು ಹೇಳಲಿ?

ದಾವಣಗೆರೆಯ ತಾಯಿ: ಮಗಳು ಪೈಲಟ್ ತರಬೇತಿಯಲ್ಲಿದ್ದಾಳೆ. ಹೋದ ವಾರ ಇಳಿಯುವಾಗ ಎಡಗಡೆ ಬ್ರೇಕ್ ಹಿಡಿಯದೆ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿತು. ಅವಳಿಗೆ ಏನೂ ಆಗಲಿಲ್ಲ. ಹಿಂದಿನ ದಿನವಷ್ಟೇ ಆ ವಿಮಾನದ ಬ್ರೇಕ್ ರಿಪೇರಿ ಆಗಿತ್ತಂತೆ. ಅನುಭವ ಇದ್ದವರು ಹೇಳಿ, ಅವಳು ಏನೇನು ನೋಡಿಕೊಳ್ಳಬೇಕು?

ಚಿತ್ರದುರ್ಗದಿಂದ, ನಿವೃತ್ತ ವಿಮಾನ ಟೆಕ್ನಿಷಿಯನ್: ಅಕ್ಕಾ, ಮೊದಲು ಮಗಳಿಗೆ ಧೈರ್ಯ ಹೇಳಿ. ಸೆಸ್ನಾ 172ರಂಥ ಸಣ್ಣ ವಿಮಾನದಲ್ಲಿ ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು ಬೇರೆ ಬೇರೆ ಬ್ರೇಕ್ ಇರುತ್ತದೆ. ಒಂದು ಕಡೆ ಆಯಿಲ್ ಸೋರಿದರೆ ಆ ಚಕ್ರ ಹಿಡಿಯುವುದಿಲ್ಲ, ವಿಮಾನ ಇನ್ನೊಂದು ಕಡೆಗೆ ಎಳೆಯುತ್ತದೆ. ಬಿಚ್ಚಿ ಜೋಡಿಸಿದ ಮೇಲೆ ಲೈನಿನಲ್ಲಿ ಏರ್ ಉಳಿದರೂ ಅಷ್ಟೇ, ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ. ಟ್ಯಾಕ್ಸಿ, ಅಂದರೆ ವಿಮಾನ ನೆಲದ ಮೇಲೆ ಉರುಳುತ್ತಾ ಹೋಗುವುದು, ಶುರುವಾದ ಕೂಡಲೇ ಎರಡೂ ಬ್ರೇಕ್ ಒತ್ತಿ ನೋಡಲಿ. ಚಕ್ರದ ಹತ್ತಿರ ಕೆಂಪು ಎಣ್ಣೆಯ ಗುರುತು ಕಂಡರೆ ಹತ್ತಲೇಬಾರದು.

ನನ್ನ ಪ್ರಕಾರ ರಿಪೇರಿ ಮುಗಿಸಿ ಬಂದ ಮೊದಲ ದಿನವೇ ಜಾಸ್ತಿ ಎಚ್ಚರ ಬೇಕು. 2018ರ ನವೆಂಬರ್‌ನಲ್ಲಿ ಪೋರ್ಚುಗಲ್‌ನಲ್ಲಿ ಒಂದು ಎಂಬ್ರೇಯರ್ 190 ಜೆಟ್ ವಿಮಾನ ದೊಡ್ಡ ರಿಪೇರಿ ಮುಗಿಸಿ ಹಾರಿತು. ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸಲು ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ ಇರುತ್ತದೆ, ಅದೇ ಏಲೆರಾನ್; ಅದರ ಕೇಬಲ್ ತಪ್ಪಾಗಿ ಜೋಡಿಸಿದ್ದರು. ಪೈಲಟ್‌ಗಳು ಹರಸಾಹಸ ಪಟ್ಟು ಮೂರನೇ ಪ್ರಯತ್ನದಲ್ಲಿ ಅಲ್ಲಿನ ಬೇಜಾ ವಿಮಾನ ನಿಲ್ದಾಣದಲ್ಲಿ ಇಳಿಸಿದರು. ಅದು ದೊಡ್ಡ ವಿಮಾನ, ನಿಜ. ಆದರೆ ಇಂಥ ತಪ್ಪು ಸಣ್ಣದರಲ್ಲೂ ಆಗಬಹುದು. ಹಾಗಾಗಿ ಪೈಲಟ್ ಕೈಯಲ್ಲಿನ ಕಂಟ್ರೋಲ್ ಸಲೀಸಾಗಿ ತಿರುಗಿದರೆ ಸಾಲದು. ಎಡಕ್ಕೆ ತಿರುಗಿಸಿದಾಗ ಎಡರೆಕ್ಕೆಯ ಏಲೆರಾನ್ ಮೇಲೆದ್ದಿತಾ? ಕಣ್ಣಾರೆ ನೋಡಲಿ.

ದಾವಣಗೆರೆ ಹುಡುಗಿ, ಈಗ ಹೊರ ರಾಜ್ಯದಲ್ಲಿ ತರಬೇತಿ: ನನಗೂ ಆಗಿತ್ತು ಆಂಟಿ. ನೆಲ ಮುಟ್ಟಿದ ತಕ್ಷಣ ಮೂಗಿನ ಚಕ್ರ ಗಡಗಡ ಅದುರಿತು. ಸುಮ್ನೆ ಯಾಕೆ ಬರೀತೀಯ, ಎಲ್ಲಾ ವಿಮಾನವೂ ಹೀಗೇ ಎಂದರು ಸೀನಿಯರ್‌ಗಳು. ನಾನು ಲಾಗ್‌ನಲ್ಲಿ, ಅಂದರೆ ವಿಮಾನದ ದೋಷ, ರಿಪೇರಿ ಬರೆದಿಡುವ ಪುಸ್ತಕದಲ್ಲಿ, ಬರೆದೆ. ಬಿಚ್ಚಿ ನೋಡಿದರೆ ಅದುರು ತಡೆಯುವ ಡ್ಯಾಂಪರ್ ಸೋರಿತ್ತು. ನಾವು ಬಾಯಲ್ಲಿ ಹೇಳಿದ್ದು ಅಲ್ಲೇ ಕರಗಿಹೋಗುತ್ತದೆ. ಬರೆದರೆ ಇಂಜಿನಿಯರ್ ಸರಿ ಮಾಡಿ ಸಹಿ ಹಾಕಲೇಬೇಕು.

ಪಿ.ಬಿ. ರಸ್ತೆಯ ಗ್ಯಾರೇಜಿನವರು: ನನಗೆ ವಿಮಾನ ಗೊತ್ತಿಲ್ಲಮ್ಮ, ಜೀಪು, ಟೆಂಪೋ ಗೊತ್ತು. ಬ್ರೇಕ್ ಕೆಲಸ ಮಾಡಿದ ಗಾಡಿಯನ್ನು ನಾನೇ ಒಂದು ಸುತ್ತು ಓಡಿಸಿ ನೋಡದೆ ಕೊಡುವುದಿಲ್ಲ. ಆ ವಿಮಾನವನ್ನು ರಿಪೇರಿ ಆದ ಮೇಲೆ ಯಾರು ಓಡಿಸಿ ನೋಡಿದರು, ಅದನ್ನು ಕೇಳಿ.

ದಾವಣಗೆರೆಯ ತಾಯಿ: ಈಗಷ್ಟೇ ಫೋನ್ ಮಾಡಿ ಎಲ್ಲಾ ಓದಿ ಹೇಳಿದೆ. ಬ್ರೇಕ್ ಕೆಲಸಕ್ಕೆ ಯಾರ ಸಹಿ ಇದೆ ಅಂತ ನಾಳೆ ಲಾಗ್ ನೋಡುತ್ತಾಳಂತೆ.