ಲಿಂಫೋಮಾಕ್ಕ ಯಾವ ಸ್ಕ್ಯಾನ್ ಮಾಡಸೋದು? ಅನುಭವ ಇದ್ದವ್ರು ಹೇಳ್ರಿ

ಹಾವೇರಿಯಿಂದ, ಪ್ರಶ್ನೆ:
ತಮ್ಮಗ 34 ವರ್ಷ. ಕೊಳ್ಳಾಗಿನ ಗಂಟು ತಗದು ಬಯಾಪ್ಸಿ ಮಾಡಿದ್ರು, ಹಾಡ್ಜ್‌ಕಿನ್ಸ್ ಲಿಂಫೋಮಾ (ಗಂಟಿನ ಒಂದು ಥರದ ಕ್ಯಾನ್ಸರ್) ಅಂತ ಬಂದೈತಿ. ಡಾಕ್ಟರು ಪೆಟ್-ಸಿಟಿ ಬರದಾರ. ಬೀಗರು ಬೋನ್ ಸ್ಕ್ಯಾನ್ ಸಾಕು, ಅಗ್ಗ ಅಂತಾರ. ಇನ್ನೊಬ್ರು ಗ್ಯಾಲಿಯಂ ಸ್ಕ್ಯಾನ್ ಹೆಸರು ಹೇಳಿದ್ರು. ತಲಿ ಓಡವಲ್ದು.

ಧಾರವಾಡದಿಂದ:
ಅಕ್ಕಾರ, ಧೈರ್ಯ ಬಿಡಬ್ಯಾಡ್ರಿ. ನನ್ನ ಗಂಡಗೂ ಇದ ಬ್ಯಾನಿ ಆಗಿತ್ತು. ಬೋನ್ ಸ್ಕ್ಯಾನಿಗೆ ರೊಕ್ಕ ಹಾಕಬ್ಯಾಡ್ರಿ. ಅದರಾಗಿನ ಟೆಕ್ನೀಶಿಯಂ ಔಷಧ ಎಲುಬು ಹೊಸದಾಗಿ ಕಟ್ಟೋ ಜಾಗಾ ತೋರಸ್ತದ. ಈ ರೋಗ ಕೂಡೋದು ಗಂಟಿನ್ಯಾಗ, ಗುಲ್ಮದಾಗ, ಎಲುಬಿನ ಒಳಗಿನ ಮಜ್ಜ್ಯಾಗ. ಪೆಟ್‌ನ್ಯಾಗ ಸಕ್ಕರಿಯಂಥ ಎಫ್‌ಡಿಜಿ ಚುಚ್ತಾರ, ಕ್ಯಾನ್ಸರ್ ಕಣ ಅದನ್ನ ಎಳಕೊಂಡು ಹೊಳೀತಾವ. ಬರೇ ಸಿಟಿ ನೋಡಿ ನಮ್ಮವರಿಗೆ ಕೊಳ್ಳು, ಎದಿ ಅಷ್ಟ, ಎರಡನೇ ಹಂತ ಅಂದಿದ್ರು. ಪೆಟ್‌ನ್ಯಾಗ ಗುಲ್ಮನೂ ಹೊಳೀತು. ವಪೆಯ (ಎದಿ, ಹೊಟ್ಟಿ ನಡುವಿನ ಪರದಿ) ಕೆಳಗೂ ರೋಗ ಐತಿ ಅಂದ್ರ ಮೂರನೇ ಹಂತ. ಕೀಮೋ ಲೆಕ್ಕನ ಬದಲಾತು. ಮಜ್ಜೆ ತಗಿಯಾಕ ಸೊಂಟಕ್ಕ ಸೂಜಿ ಹಾಕೋದೂ ತಪ್ಪಿತು. ಹಾಡ್ಜ್‌ಕಿನ್ಸ್‌ದಾಗ ಪೆಟ್ ಆಗಿದ್ರ ಅದು ಸಾಮಾನ್ಯವಾಗಿ ಬೇಕಾಗಂಗಿಲ್ಲಂತ.

ನಾವು ಮಾಡಿದ ತಪ್ಪು ಹೇಳ್ತೀನಿ. ಸ್ಕ್ಯಾನಿಗಿಂತ ಮೊದಲ ಊರಾಗಿನ ಒಬ್ಬ ಡಾಕ್ಟರು ಸ್ಟೆರಾಯ್ಡ್ ಗುಳಿಗಿ ಕೊಟ್ಟಿದ್ರು. ಗಂಟು ಕರಗಿದ್ದು ನೋಡಿ ಹಿಗ್ಗಿದ್ವಿ. ಖರೇ ಅಂದ್ರ ಸ್ಟೆರಾಯ್ಡ್ ರೋಗ ಮಬ್ಬು ಮಾಡ್ತದ, ಎಷ್ಟು ಹಬ್ಬೇದ ಅನ್ನೋದು ಪೂರಾ ಕಾಣಂಗಿಲ್ಲ. ಉಸಿರಾಟಕ್ಕ ತ್ರಾಸ ಇದ್ರ ಚಿಕಿತ್ಸೆ ತಡಾ ಮಾಡಬ್ಯಾಡ್ರಿ, ಇಲ್ಲಂದ್ರ ಮೊದಲ ಕೀಮೋಕ್ಕಿಂತ ಮುಂಚೆ ಪೆಟ್ ಆಗ್ಲಿ. ಮುಂದಿನ ಎಲ್ಲಾ ಸ್ಕ್ಯಾನಿಗೂ ಅದ ಅಳತಿ. ಸಿಡಿ ಜ್ವಾಪಾನ ಇಟ್ಕೋರಿ.

ಗದಗದಿಂದ:
ಗ್ಯಾಲಿಯಂ ಸುಳ್ಳಲ್ಲ, ಹಳೇದು. ನಮ್ಮ ದೊಡ್ಡಪ್ಪಗ 1998ರಾಗ ಮುಂಬೈನ್ಯಾಗ ಮಾಡಿಸಿದ್ವಿ. ಇಂಜೆಕ್ಷನ್ ಕೊಟ್ಟು ಮೂರು ದಿನ ಬಿಟ್ಟು ಬರ್ರಿ ಅಂದ್ರು. ಧರ್ಮಶಾಲಾದಾಗ ಉಳದ್ವಿ, ಜುಲಾಬಿನ ಔಷಧ ಬ್ಯಾರೆ ಕೊಟ್ಟಿದ್ರು. ಗ್ಯಾಲಿಯಂ ಯಕೃತ್ತು, ಕರುಳಿನ್ಯಾಗ ತಾನಾಗೇ ಕೂಡ್ತದ, ಅದಕ್ಕ ಹೊಟ್ಟಿಯೊಳಗಿನ ಗಂಟು ಮುಚ್ಚಿಹೋಗ್ತಾವ. ಸಣ್ಣ ಗಂಟೂ ಸಿಗೂದು ಕಷ್ಟ. ಈಗ ಪೆಟ್ ಇರೂವಾಗ ಅದರ ಗೊಡವಿ ಬ್ಯಾಡ.

ಹುಬ್ಬಳ್ಳಿಯಿಂದ, ಸ್ಕ್ಯಾನ್ ವಿಭಾಗದಲ್ಲಿ ಕೆಲಸ ಮಾಡುವವರು:
ಎಫ್‌ಡಿಜಿಯಲ್ಲಿರುವ, ವಿಕಿರಣ ಸೂಸುವ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಸೈಕ್ಲೋಟ್ರಾನ್ ಎಂಬ ಯಂತ್ರದಲ್ಲಿ ತಯಾರಾಗಿ ಗಾಡಿಯಲ್ಲಿ ಬರುವ ಔಷಧ ನಿಮಗಾಗಿ ಕಾಯುವುದಿಲ್ಲ, ದಯವಿಟ್ಟು ಹೇಳಿದ ಹೊತ್ತಿಗೆ ಬನ್ನಿ. ಆರು ತಾಸು ಉಪವಾಸ, ಬರೀ ನೀರು ಕುಡಿಯಬಹುದು. ಸಕ್ಕರೆ ಹಾಕಿದ ಚಹಾ ಒಂದು ಗುಟುಕೂ ಬೇಡ. ಹಿಂದಿನ ದಿನ ಹೊಲದ ಕೆಲಸ, ಓಟ ಬೇಡ, ಸ್ನಾಯುಗಳೇ ಔಷಧ ಎಳೆದುಕೊಳ್ಳುತ್ತವೆ. ಮಧುಮೇಹ ಇದ್ದರೆ ಮೊದಲೇ ತಿಳಿಸಿ.

ಇನ್ನೊಂದು ಮಾತು. ಹೊಳೆದದ್ದೆಲ್ಲ ಲಿಂಫೋಮಾ ಅಲ್ಲ. ಟಿಬಿ ಗಂಟೂ ಹೊಳೆಯುತ್ತದೆ, ಸೋಂಕೂ ಹೊಳೆಯುತ್ತದೆ. ಹಾಗೆಯೇ ನಿಧಾನವಾಗಿ ಬೆಳೆಯುವ ಕೆಲವು ಲಿಂಫೋಮಾಗಳು ಮಂಕಾಗಿಯೇ ಕಾಣುತ್ತವೆ. ನಿಮ್ಮಲ್ಲಿ ಬಯಾಪ್ಸಿ ಮೊದಲು ಆಗಿದ್ದು ಒಳ್ಳೆಯದಾಯಿತು.

ಮತ್ತೆ ಧಾರವಾಡದಿಂದ:
ಕೀಮೋ ಮುಗಿದ ಮ್ಯಾಲೂ ಒಂದು ಪೆಟ್ ಇರ್ತದ. ರಿಪೋರ್ಟಿನ್ಯಾಗ ಡೋವಿಲ್ ಅಂತ 1ರಿಂದ 5ರ ತನಕ ಅಂಕಿ ಬರೀತಾರ, ಯಕೃತ್ತಿಗಿಂತ ಹೆಚ್ಚು ಹೊಳೆದ್ರ 4, 5. ನಾವು ಅವಸರ ಮಾಡಿ ಮೂರು ವಾರಕ್ಕ ಮಾಡಿಸಿದ್ವಿ, 4 ಬಂತು, ಇಡೀ ರಾತ್ರಿ ಅತ್ವಿ. ಆರರಿಂದ ಎಂಟು ವಾರ ಕಾಯಬೇಕಿತ್ತು ಅಂದ್ರು. ಮತ್ತ ಮಾಡಿಸಿದಾಗ 2 ಆತು.

ಹಾವೇರಿಯಿಂದ:
ಎಲ್ಲಾರಿಗೂ ಶರಣು. ಮಂಗಳವಾರ ಪೆಟ್‌ಗೆ ಹೆಸರು ಹಚ್ಚೀವಿ. ಅವನ ಮಗಳು ಎರಡು ವರ್ಷದಾಕಿ, ಅಪ್ಪನ ಬಿಟ್ಟು ಮಲಗಂಗಿಲ್ಲ. ಏನ್ ಮಾಡೂದು?

ಹುಬ್ಬಳ್ಳಿಯಿಂದ:
ಆ ಒಂದು ರಾತ್ರಿ ಅಜ್ಜಿ ಹತ್ತಿರ ಮಲಗಿಸಿ, ಬಸುರಿಯರೂ ದೂರ ಇರಲಿ. ನಿಮ್ಮ ತಮ್ಮನು ನೀರು ಚೆನ್ನಾಗಿ ಕುಡಿದು ಮೂತ್ರ ಹೋಗುತ್ತಿರಲಿ. ಹನ್ನೊಂದು ತಾಸಿನಲ್ಲಿ ಫ್ಲೋರಿನ್ 64ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಬುಧವಾರ ಬೆಳಿಗ್ಗೆ ಎತ್ತಿಕೊಳ್ಳಲಿ.